ನಿಧಿ ಕಾಯುವ ಸರ್ಪ

ಮಂಡ್ಯ, ೧೯೭೪

ಅಪ್ಪಾ,

ನೀನು ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಇಲ್ಲಿ ಬಿ.ಎ.ಗೆ ಸೇರಿಸಿದಳು. ನಮಗೆ ಹಳೆಯ ಇಂಗ್ಲಿಷ್ ವೀರಕಾವ್ಯ ಪಾಠ ಮಾಡುವವರು ನಿನ್ನ ಶಿಷ್ಯ, ಬೆಸಗರಹಳ್ಳಿಯ ಪುಟ್ಟಲಿಂಗಯ್ಯ. ಮದ್ದೂರಿನ ನಮ್ಮ ಜಗುಲಿಯಲ್ಲಿ ನೀನು ಅವರನ್ನು ಎದುರಿಗೆ ಕೂರಿಸಿಕೊಂಡು ಇದನ್ನೇ ಹೇಳಿಕೊಡುತ್ತಿದ್ದೆ. ನಾನು ಕಾಫಿ ತಂದಿಟ್ಟು ಒಳಗೆ ಹೋಗಿ, ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಒಂದು ದಿನವೂ ನೀನು "ಬಾ, ಕೂತ್ಕೋ" ಅನ್ನಲಿಲ್ಲ.

ಇವತ್ತು ಅವರು, ನಿಧಿ ಕಾಯುವ ಸರ್ಪ ದುರಾಸೆಯ ಸಂಕೇತ ಎಂದು ನಿನ್ನ ಮಾತನ್ನೇ ನಿನ್ನ ಧಾಟಿಯಲ್ಲೇ ಹೇಳಿದರು. ನಿನ್ನ ಹಾಗೆಯೇ ಕೊನೆಯ ಪದವನ್ನು ಎಳೆದರು. ಹೊಟ್ಟೆಯೆಲ್ಲ ಉರಿದುಹೋಯಿತು. ಎದ್ದು ನಿಂತುಬಿಟ್ಟೆ.

"ನನಗೆ ಆ ಸರ್ಪ ಸಾವು ಅನ್ಸುತ್ತೆ ಸಾರ್. ಮುದಿ ರಾಜ ಒಬ್ಬನೇ ಅದರ ಎದುರಿಗೆ ಹೋಗ್ತಾನೆ. ಅವನ ಜೊತೆಯೋರು ದೂರದಲ್ಲಿ ನಿಂತು ನೋಡ್ತಾರೆ, ಅಷ್ಟೆ."

ಅವರು ಪುಸ್ತಕ ಮುಚ್ಚಿದರು. "ನಂಗಿದು ಒಳೀಲೇ ಇಲ್ಲ ಕಣಮ್ಮ. ಮೇಷ್ಟ್ರು ಇದ್ದಿದ್ರೆ ಎಷ್ಟು ಇಗ್ಗೋರು" ಅಂದರು.

ಅಪ್ಪಾ, ನೀನು ಹಿಗ್ಗುತ್ತಿದ್ದೆ ಎಂಬುದನ್ನೂ ನಾನು ಅವರ ಬಾಯಿಂದಲೇ ಕೇಳಬೇಕಾಯಿತು.

ಆಂಡಾಳ್