ಅಪ್ಪನ ಇಣಿ

ಹೊಳೆಮಣ್ಣೂರ
೧೯೫೬

ಗದಗಿನ್ಯಾಗಿರೂ ಅಣ್ಣಗ ತಂಗಿ ಶೇಖವ್ವನ ಶರಣು.

ಅಪ್ಪನ ಹೆಗಲಮ್ಯಾಲಿನ ಗಂಟು ಈಗ ಎತ್ತಿನ ಬೆನ್ನಮ್ಯಾಲಿನ ಇಣಿಯಷ್ಟ ಬೆಳದೈತಿ, ಕೊರಳಿನ ಸುತ್ತನೂ ಬಂದೈತಿ. ರೋಣದ ಡಾಕ್ಟರ್ರು, "ಇದು ಬರೇ ಕೊಬ್ಬು. ಲಕ್ಷಕ್ಕೊಬ್ಬರಿಗೆ ಹಿಂಗ ಬೆಳೀತೈತಿ. ಉಸರು ಕಟ್ಟೂದರೊಳಗ ಕೊಯ್ಸರಿ" ಅಂದಾರ. ಊರವರು ಕೇಳವೊಲ್ಲರು. ಅಪ್ಪನ ಮೈಯಾಗ ಬಸವಣ್ಣ ಮೂಡ್ಯಾನಂತ ಈಬತ್ತಿ ಹಚ್ಚಾಕ ಬರತಾರ. ಅಪ್ಪ ಬೈದು ಕಳಸತಾನ.

ಸೋಮವಾರ ಬಸವಣ್ಣನ ವಾರ, ಎತ್ತು ಹೂಡಂಗಿಲ್ಲಲಾ, ಅಪ್ಪ ಗುದ್ದಲಿ ಹೊತ್ತು ಹೊಂಟಿದ್ದ. "ದ್ಯಾಮಪ್ಪ, ಇವತ್ತ ನೀನೂ ದುಡೀಬಾರದು" ಅಂತ ಮಂದಿ ಅಡ್ಡ ನಿಂತರು. ಸಿಟ್ಟಿಲೆ ಬಂದು ಎತ್ತು ಮೇಯೂ ಗ್ವಾದಲಿ ಬಾಜೂಕ ಮಲಗಿಬಿಟ್ಟ. ಯಾರನ್ನೂ ಹತ್ತರ ಬಿಡದ ನಮ್ಮ ಕರಿಯೆತ್ತು ಅವನ ಇಣಿ ನೆಕ್ಕಾಕತ್ತಿತ್ತು. ಅವ್ವ ಹೊಸ್ತಲದಾಗ ಕೈಮುಗದು ನಿಂತಳು. ನಾನೂ ನಿಂತೆ.

ಅಪ್ಪನ್ನ ದವಾಖಾನಿಗೆ ಕರಕೊಂಡ ಹೋಗಾಕ ಲಗೂ ಬಾ. ಸೋಮವಾರ ಮಾತ್ರ ಬ್ಯಾಡ.

ನಿನ್ನ ತಂಗಿ
ಶೇಖವ್ವ