ಹದಿನಾಲ್ಕನೇ ಕೋಣೆಯ ಬೆಂಚು

ಆಗಸ್ಟ್ 4, ಮಂಗಳವಾರ

ಇವತ್ತೂ ಮೂವತ್ತೊಂಬತ್ತು ಡಿಗ್ರಿ. ಬೊಲೋನ್ಯಾ ಊರೇ ಖಾಲಿ, ಎಲ್ಲರೂ ಸಮುದ್ರಕ್ಕೆ ಹೋಗಿದ್ದಾರೆ. ಹತ್ತಕ್ಕೆ ಸರಿಯಾಗಿ ಚಿತ್ರಶಾಲೆ. ವರ್ಷದ ಕಾರ್ಡ್ ತೋರಿಸಿದೆ, ನೇರ ಹದಿನಾಲ್ಕನೇ ಕೋಣೆ. ಚಿತ್ರಕ್ಕಲ್ಲ, ಎ.ಸಿ.ಗೆ. ತಂಪು ಗಾಳಿ ನೆತ್ತಿಗೇ ಬೀಳುವ ಬೆಂಚು ಅದೊಂದೇ.

ಎದುರಿಗೆ ಮೇರಿ ಮಾತೆ, ಕೂಸು, ಇಬ್ಬರು ಸಂತರು. ನಲವತ್ತು ವರ್ಷ ಬಟ್ಟೆ ಹೊಲಿದವಳು ನಾನು. ಆ ನೀಲಿ ಹೊದಿಕೆಯ ನೆರಿಗೆ ಪೂರಾ ತಪ್ಪು. ಯಾವ ಬಟ್ಟೆಯೂ ಮೊಣಕಾಲಿನ ಮೇಲೆ ಹಾಗೆ ಬೀಳುವುದಿಲ್ಲ. ಕಾವಲಿನ ಮಿಲೇನಾಗೆ ಹೇಳಿದೆ. ನಾನೂರು ವರ್ಷದಲ್ಲಿ ಇದೇ ಮೊದಲ ದೂರು ಎಂದಳು.

ಆಗಸ್ಟ್ 6

ನನ್ನ ಬೆಂಚಿನ ಮೇಲೆ ತುನ್ಯೋಲಿ! ಇಡೀ ಊರಲ್ಲಿ ಈ ಮುದಿ ಕ್ಷೌರಿಕನಿಗೆ ಬೇರೆ ತಂಪು ಸಿಗಲಿಲ್ಲವೇ? ನಮ್ಮ ಕಟ್ಟಡದವನೇ, ಮೊದಲ ಮಹಡಿ. ಹನ್ನೊಂದು ವರ್ಷದಿಂದ ಮಾತಿಲ್ಲ. ಲಿಫ್ಟ್ ಹಾಕಿಸುವ ಮಾತು ಬಂದಾಗ ಸಭೆಯಲ್ಲಿ ಬೇಡ ಎಂದ. ಆ ಒಂದು ‘ಬೇಡ’ದಿಂದಲೇ ಲಿಫ್ಟಿನ ಮಾತು ಬಿದ್ದುಹೋಯಿತು. ಕಾರಣ ಕೇಳಿದರೆ ನೆಲ ನೋಡಿದ. ನಾನು ನಾಲ್ಕನೇ ಮಹಡಿ. ಅವತ್ತಿನಿಂದ ನೀರಿನ ಬಾಟಲಿ, ತರಕಾರಿ, ನನ್ನ ಎರಡು ಮಂಡಿ, ಎಲ್ಲ ಹೊತ್ತು ಹತ್ತುತ್ತಿದ್ದೇನೆ.

ಬಿಟ್ಟುಕೊಡಲೇ? ಆ ತುದಿಗೆ ಕೂತೆ, ಬೆನ್ನು ತಿರುಗಿಸಿ. ಆ ಕಡೆಯ ಗೋಡೆಯಲ್ಲಿ ಸಂತ ಲೊರೆಂಜೊನನ್ನು ಕೆಂಡದ ಮೇಲೆ ಸುಡುತ್ತಿದ್ದಾರೆ. ಈ ಸೆಕೆಯಲ್ಲಿ ನೋಡುವ ಚಿತ್ರವೇ ಅದು…

ಆಗಸ್ಟ್ 8

ಒಂಬತ್ತೂ ಮುಕ್ಕಾಲಿಗೇ ಹೋದೆ. ಅವನು ಆಗಲೇ ಬಾಗಿಲಲ್ಲಿ. ತೆರೆದ ಕೂಡಲೇ ಇಬ್ಬರೂ ಬಿರಬಿರನೆ. ಓಡಬಾರದು ಎಂದರು ಕಾವಲಿನವರು. ಓಡಿದ್ದು ಯಾರು? ನಮ್ಮ ವಯಸ್ಸಿನಲ್ಲಿ ಅದಕ್ಕೆ ನಡಿಗೆ ಎನ್ನುತ್ತಾರೆ.

ಒಟ್ಟಿಗೇ ತಲುಪಿದೆವು. ಅವನು ಕಾಲು ಚಾಚಿದ. ಆ ಮನುಷ್ಯನಿಗೆ ಕಾಲು ಮಡಚಲು ಹೇಳಮ್ಮ ಎಂದೆ ಮಿಲೇನಾಗೆ. ಹೇಳಿದಳು. ಆ ಹೆಂಗಸಿನ ಚೀಲಕ್ಕೂ ಬೆಂಚು ಬೇಕಾ ಕೇಳು ಎಂದ ಅವನು. ಅದನ್ನೂ ಕೇಳಿದಳು, ಒಂದು ಗಜ ದೂರದಲ್ಲಿ ಕೂತ ನನ್ನನ್ನು. ಮೂರನೇ ಸಲಕ್ಕೆ ಸೊಂಟದ ಮೇಲೆ ಕೈಯಿಟ್ಟಳು.

“ನಾನು ಚಿತ್ರ ಕಾಯೋಳು. ನಿಮ್ಮಿಬ್ಬರನ್ನ ಕಾಯೋಕೆ ಬೇರೆ ಸಂಬಳ ಕೊಡ್ಬೇಕಾಗತ್ತೆ.”

ಆಮೇಲೆ ಅವನು ಗೋಡೆಗೆ ಹೇಳಿದ, ಮೇರಿ ಮಾತೆಯ ಪಕ್ಕದ ಆ ಸಂತ ಕಾಡಿನಲ್ಲಿ ತಪಸ್ಸು ಮಾಡುವುದು ಸುಳ್ಳು, ಕೆನ್ನೆಯ ಗೆರೆ ನೋಡಿದರೆ ನಿನ್ನೆಯೇ ಗಡ್ಡ ತಿದ್ದಿಸಿಕೊಂಡಿದ್ದಾನೆ ಎಂದು. ಎದ್ದು ಹತ್ತಿರದಿಂದ ನೋಡಿದೆ. ನಿಜ. ಮೈ ಉರಿಯಿತು.

ಆಗಸ್ಟ್ 10, ಸೋಮವಾರ

ಚಿತ್ರಶಾಲೆಗೆ ರಜೆ. ಗೋರಿಕಲ್ಲುಗಳಿರುವ ಇನ್ನೊಂದು ಮ್ಯೂಸಿಯಂ ತೆರೆದಿರುತ್ತದೆ, ಅದು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಅವನಿಗೂ ಗೊತ್ತು!

ಹಳೆಯ ಪ್ರಾಧ್ಯಾಪಕರ ಗೋರಿ. ಕೆತ್ತನೆಯಲ್ಲಿ ಗುರು ಪಾಠ ಹೇಳುತ್ತಿದ್ದಾನೆ, ಕಲ್ಲಿನ ಶಿಷ್ಯನೊಬ್ಬ ತೂಕಡಿಸುತ್ತಿದ್ದಾನೆ. ಹಾಲೆಂಡಿನ ಗಂಡಹೆಂಡಿರು ಇದೇನೆಂದು ನನ್ನನ್ನು ಕೇಳಿದರು. ಗುರುವಿನ ಟೋಪಿ ನಾಲ್ಕು ತುಂಡು ಸೇರಿಸಿ ಹೊಲಿದದ್ದು ಎಂದು ತೋರಿಸಿದೆ. ಟೋಪಿ ಇರಲಿ, ಗಲ್ಲ ನೋಡಿ, ಇವನ ಕ್ಷೌರಿಕ ಎಡಗೈಯವನು ಎಂದ ತುನ್ಯೋಲಿ. ಅವರು ಬರೆದುಕೊಂಡರು. ಮುಂದಿನ ಗೋರಿಯದೂ ಹೇಳಿ ಎಂದರು. ಏಳು ಗೋರಿ ತೋರಿಸಿದೆವು. ಇಬ್ಬರೂ ಮಾತಾಡಿದ್ದು ಹಾಲೆಂಡಿನವರ ಜೊತೆ ಮಾತ್ರ. ಅದು ಸ್ಪಷ್ಟವಿರಲಿ.

ಆಗಸ್ಟ್ 14

ಬರೆಯುವಂಥದ್ದೇನೂ ಆಗಿಲ್ಲ. ಅವನು ಗಡ್ಡ, ನಾನು ಬಟ್ಟೆ. ಮಿಲೇನಾಗೆ ನಾಳೆಯಿಂದ ರಜೆ. ಇನ್ನು ಹೇಗೆ ಜಗಳ ಆಡ್ತೀರೋ ನಾನು ಕಾಣೆ ಎಂದಳು.

ಆಗಸ್ಟ್ 19

ಮಧ್ಯೆ ಹೇಳಲು ಯಾರೂ ಇಲ್ಲ. ಇವತ್ತು ಅವನು ಗಡ್ಡ ನೋಡುತ್ತಿರಲಿಲ್ಲ. ಮೂಲೆಯ ಚಿತ್ರದಲ್ಲಿ ಮೇರಿ ಮಾತೆ ಕೊನೆಯ ಹಾಸಿಗೆಯಲ್ಲಿ, ಸುತ್ತ ಜನ. ಅದನ್ನೇ ನೋಡುತ್ತಿದ್ದ. ಮೆಲ್ಲಗೆ ಹೇಳಿದ, ಗೋಡೆಗಲ್ಲ.

“ಜೆಮ್ಮಾ ಹಾಸಿಗೆ ಮೆಟ್ಟಿಲ ಕಡೆ ಗೋಡೆಗೇ ಇತ್ತು. ಲಿಫ್ಟಿಗಂತ ಆ ಗೋಡೆ ನಾಲ್ಕು ತಿಂಗಳು ಕೊರೀತೀವಿ ಅಂದ್ರು ಇಂಜಿನಿಯರು. ಡಾಕ್ಟ್ರು ಅವಳಿಗೆ ಕೊಟ್ಟಿದ್ದು ಎರಡೇ ತಿಂಗಳು. ಯಾರಿಗೂ ಹೇಳ್ಬೇಡ ಅಂದಿದ್ಲು.”

ಜೆಮ್ಮಾ ಅವನ ಹೆಂಡತಿ. ಆ ಚಳಿಗಾಲ ದಾಟಲಿಲ್ಲ. ನಾನು ಮಣ್ಣಿಗೂ ಹೋಗಿರಲಿಲ್ಲ, ಲಿಫ್ಟಿನ ಸಿಟ್ಟಿನಲ್ಲಿ.

“ಆಮೇಲಾದ್ರೂ ಹೇಳಬಹುದಿತ್ತಲ್ಲ,” ಎಂದೆ.

“ಆಮೇಲೆ ನೀವು ಮಾತು ಬಿಟ್ಟಿದ್ರಿ.”

ಬೆಂಚಿನ ಮೇಲಿನ ಚೀಲ ತೆಗೆದು ನೆಲಕ್ಕಿಟ್ಟೆ.

ಸೆಪ್ಟೆಂಬರ್ 1

ಮಿಲೇನಾ ರಜೆ ಮುಗಿಸಿ, ಬಿಸಿಲಿಗೆ ಕಪ್ಪಗಾಗಿ ಬಂದಿದ್ದಾಳೆ. ತುನ್ಯೋಲಿಯವರೂ ನಾನೂ ನೇರ ಮಾತಾಡುವುದನ್ನು ನೋಡಿದಳು. ಬೆಳಿಗ್ಗೆಯೆಲ್ಲ ಚಿತ್ರದ ಕಾರ್ಡಿನಲ್ ಪಾದ್ರಿಯೊಬ್ಬನ ಅಂಗಿಯ ಲೇಸಿನ ಬಗ್ಗೆ ವಾದ. ಅವರಿಗೆ ಲೇಸಿನ ಗಂಧವಿಲ್ಲ, ಬಾಯಿ ಮಾತ್ರ ಇದೆ. ನೀವು ಮೊದಲಿನಂತೇ ಇರಿ, ಆಗ ಕೋಣೆ ನಿಶ್ಶಬ್ದವಾಗಿತ್ತು ಎಂದಳು.

ಸೆಪ್ಟೆಂಬರ್ 18

ಕಟ್ಟಡದ ಸಭೆ. ಲಿಫ್ಟಿನ ಮಾತು ಮತ್ತೆ ಬಂತು. ಬೇಕು ಎಂದು ಎಲ್ಲರಿಗಿಂತ ಮೊದಲು ತುನ್ಯೋಲಿಯವರ ಕೈ ಮೇಲಕ್ಕೆ. ಕೈ ಎತ್ತಲಾಗದೆ ಕೂತವಳು ನಾನು. ಅದೇ ಗೋಡೆ, ನಾಲ್ಕು ತಿಂಗಳ ಕೊರೆತ, ಒಳಗೆ ಅವರೊಬ್ಬರೇ. ಎಲ್ಲರೂ ನನ್ನನ್ನೇ ನೋಡಿದರು. ಅವರೂ ನೋಡಿದರು, ಎತ್ತಿ ಎನ್ನುವಂತೆ. ಎತ್ತಿದೆ.

ಮೆಟ್ಟಿಲಲ್ಲಿ ಹೇಳಿದೆ, ಸದ್ದು ಶುರುವಾದ ಮೇಲೆ ಮಧ್ಯಾಹ್ನದ ಊಟಕ್ಕೆ ಮೇಲೆ ಬನ್ನಿ, ನಾಲ್ಕನೇ ಮಹಡಿಗೆ ಅಷ್ಟು ಕೇಳುವುದಿಲ್ಲ ಎಂದು. ಅವರು ಕತ್ತೆತ್ತಿ ಮೇಲೆ ನೋಡಿದರು.

“ಅಷ್ಟೂ ಮೆಟ್ಟಿಲಾ?”

“ಹೂಂ. ಅಷ್ಟೂ.”

ನವೆಂಬರ್ 9, ಮಧ್ಯಾಹ್ನ ಹನ್ನೆರಡೂವರೆ

ಕೊರೆತ ಶುರು. ಹಲ್ಲು ನಡುಗುತ್ತಿದೆ. ನಾಲ್ಕನೇ ಮಹಡಿಗೆ ಕೇಳುವುದಿಲ್ಲ ಎಂದಿದ್ದೆನಲ್ಲ, ಅದೇ ನಾನು! ಮೇಜಿಗೆ ಇಬ್ಬರ ತಟ್ಟೆ. ಒಲೆಯ ಮೇಲೆ ಕೋಳಿಯ ಸಾರು.

ಕೊರೆತ ಸ್ವಲ್ಪ ನಿಂತಿದೆ, ತುನ್ಯೋಲಿಯವರು ಹತ್ತುವುದು ಕೇಳುತ್ತಿದೆ. ಎರಡನೇ ಮಹಡಿಯಲ್ಲಿ ನಿಂತರು. ಮೂರನೆಯದರಲ್ಲಿ ಇನ್ನೂ ಹೆಚ್ಚು ಹೊತ್ತು. ಏದುಸಿರು ಇಲ್ಲಿಗೆ ಕೇಳುತ್ತಿದೆ. ಹೋಗಿ ಕೈ ಹಿಡಿಯಬಹುದು. ಹಿಡಿಯುವುದಿಲ್ಲ. ಹನ್ನೊಂದು ವರ್ಷ ನಾನು ಹತ್ತಿದ್ದೇನೆ, ಒಂದು ದಿನ ಅವರು—

ಸಾರು ಕುದಿಯಿತು. ಪುಟ್ಟ ಕಡುಬಿನಂಥ ತೊರ್ತೆಲ್ಲೀನಿ ಹಾಕಬೇಕು, ಅವರು ಬಾಗಿಲಿಗೆ ಬರುವಷ್ಟರಲ್ಲಿ— ಬಂದೇ ಬಿಟ್ಟರು.