ಹಳದಿ ಗೋಡೆಯ ಪಕ್ಕದ ತೊಟ್ಟಿಲು

ಗುರುವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ಅಕ್ಕ,

ಫೋನ್ ಮಾಡಿದರೆ ನನ್ನ ದನಿಗೇ ಮಗಳು ಗುಂಡಮ್ಮ ಎದ್ದು ಕೂಗುತ್ತಾಳೆ, ಅದಕ್ಕೇ ಕಾಗದ. ಈಗಷ್ಟೇ ಮಲಗಿದ್ದಾಳೆ. ನಾನೂ ಮಲಗಬೇಕಿತ್ತು, ಆರು ವಾರದಿಂದ ಸತತ ಮೂರು ಗಂಟೆ ಕಣ್ಣು ಮುಚ್ಚಿದವಳಲ್ಲ. ಆದರೆ ನಿನ್ನೆ ನಡೆದದ್ದನ್ನು ನಿನಗೆ ಹೇಳದೆ ನಿದ್ದೆ ಎಲ್ಲಿಂದ ಬರಬೇಕು? ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಬೈಯಬೇಡ.

ಹೆರಿಗೆ ರಜೆಗೆ ಮೊದಲು ನಮ್ಮ ಒಳಾಂಗಣ ವಿನ್ಯಾಸದ ಆಫೀಸಿನ ಪರವಾಗಿ ಒಂದು ಆಸ್ಪತ್ರೆಯ ಹೊಸ ವಾರ್ಡಿಗೆ ನಾನು ಬಣ್ಣ ಆರಿಸಿದ್ದು ನಿನಗೆ ಗೊತ್ತಲ್ಲ. ಆಗತಾನೇ ಹುಟ್ಟಿದ ಮಕ್ಕಳ ವಾರ್ಡು, ಹನ್ನೆರಡು ತೊಟ್ಟಿಲು. ನಾಲ್ಕೂ ಗೋಡೆಗೆ ಬೆಣ್ಣೆ ಹಳದಿ ಎಂದು ಬರೆದು ಸಹಿ ಹಾಕಿದ್ದೆ. ಎಳೆ ಬಿಸಿಲಿನ ಹಾಗಿರುತ್ತದೆ ಎಂದು ಕೊಚ್ಚಿಕೊಂಡೂ ಇದ್ದೆ. ಹೋದ ವಾರ ಆಫೀಸಿನ ಪೇಂಟರ್ ಮಾಮ ಅದೇ ಬಣ್ಣದ ಸ್ಯಾಂಪಲ್ ಡಬ್ಬಿ ತಂದು, ತೊಟ್ಟಿಲ ಪಕ್ಕದ ಗೋಡೆಗೆ ಬಳಿದುಕೊಟ್ಟರು. ಮಗುವಿಗೆ ಅದು ಅವರ ಉಡುಗೊರೆಯಂತೆ. ವಾಸನೆ ಹೋಗುವವರೆಗೆ ಹಾಲ್‌ನಲ್ಲಿ ಮಲಗಿ, ಶನಿವಾರ ಕೋಣೆಗೆ ಮರಳಿದೆವು.

ಮಂಗಳವಾರ ಬೆಳಿಗ್ಗೆ ಹತ್ತರ ಬಿಸಿಲು ನೇರ ಆ ಗೋಡೆಗೆ ಬಿದ್ದಿತ್ತು. ಬಟ್ಟೆ ಬದಲಿಸಲು ಹೋದರೆ ಮಗುವಿನ ಕೆನ್ನೆ, ಹೊಟ್ಟೆ, ಅಂಗಾಲು ಎಲ್ಲ ಹಳದಿ. ಕಾಮಾಲೆ ಎಂದು ಕೂಗಿಕೊಂಡೆ. ಇವರು ಒಂದೇ ಕೆನ್ನೆ ಬೋಳಿಸಿಕೊಂಡಿದ್ದವರು ಹಾಗೇ ಗಾಡಿ ತೆಗೆದರು.

ಮಕ್ಕಳ ಡಾಕ್ಟರಮ್ಮ ಅವಳನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂಗಿನ ತುದಿಯನ್ನು ಒತ್ತಿ ಬಿಟ್ಟರು, ಕಣ್ಣಿನ ಬಿಳಿ ನೋಡಿದರು. ನನ್ನ ಸಮಾಧಾನಕ್ಕೆ ಒಂದು ಹನಿ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಾಗಿತ್ತು. ಮಗು ಚೆನ್ನಾಗಿದೆ, ನೋಡಿಕೊಳ್ಳಬೇಕಾದದ್ದು ಅಪ್ಪನ ಇನ್ನೊಂದು ಕೆನ್ನೆಯನ್ನು ಎಂದು ನಕ್ಕರು.

ಮನೆಗೆ ಬಂದು ತೊಟ್ಟಿಲಲ್ಲಿ ಮಲಗಿಸಿದರೆ ಮತ್ತೆ ಹಳದಿ! ಹೊರಗೆ ತಂದರೆ ಗುಲಾಬಿ. ಬಿಳಿ ಕರವಸ್ತ್ರ ಹಿಡಿದೆ, ಅದೂ ಹಳದಿ. ಆಗ ಹೊಳೆಯಿತು ನೋಡು: ಗೋಡೆಗೆ ಬಡಿದ ಬೆಳಕು ಗೋಡೆಯ ಬಣ್ಣವನ್ನೇ ಹೊತ್ತು ತಂದು ಮಗುವಿಗೆ ಬಳಿಯುತ್ತಿತ್ತು. ಓದುವಾಗ ಇದನ್ನೇ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಬಿದ್ದು ಬಿದ್ದು ನಕ್ಕೆ. ನಗುತ್ತಿದ್ದ ಹಾಗೇ ವಾರ್ಡು ನೆನಪಾಯಿತು.

ಅಲ್ಲಿ ಸಿಸ್ಟರ್‌ಗಳು ಮೊದಲು ನೋಡುವುದು ಬರಿಗಣ್ಣಿನಿಂದ. ನಾಲ್ಕೂ ಗೋಡೆ ಹಳದಿಯಾದರೆ ಆರೋಗ್ಯವಂತ ಮಗುವಿಗೂ ಸೂಜಿ ಚುಚ್ಚುತ್ತಾರೆ. ಅದಾದರೂ ಪರವಾಗಿಲ್ಲ. ದಿನಾ ನೋಡಿ ಕಣ್ಣು ಒಗ್ಗಿಹೋದ ಮೇಲೆ, ನಿಜಕ್ಕೂ ಹಳದಿಯಾದ ಮಗುವನ್ನು ನೋಡಿ ಇದು ಗೋಡೆಯ ಆಟ ಎಂದು ಬಿಟ್ಟುಬಿಟ್ಟರೆ? ಅಂಥ ಗೋಡೆಗೆ ನನ್ನ ಸಹಿ.

ಆಫೀಸಿಗೆ ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಬುಧವಾರ ಬೆಳಿಗ್ಗೆ ಮಗುವನ್ನು ಎದೆಗೆ ಕಟ್ಟಿಕೊಂಡು ವಾರ್ಡಿಗೇ ಹೋದೆ. ಒಂದು ಗೋಡೆ ಆಗಲೇ ಬಳಿದಾಗಿತ್ತು, ಮಾಮ ಎರಡನೆಯದಕ್ಕೆ ರೋಲರ್ ಎತ್ತಿದ್ದರು. ನಮ್ಮ ಮೇಡಂ ಅಲ್ಲೇ ಇದ್ದರು. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುವ ಅವರಿಗೆ ನಾವು ಇಟ್ಟ ಹೆಸರು ಟೇಪಮ್ಮ. ನನ್ನ ಮಾತು ಕೇಳಿ, ನಿದ್ದೆಗೆಟ್ಟವರ ಕಣ್ಣು ನಂಬಿ ಕೆಲಸ ನಿಲ್ಲಿಸೋಕಾಗುತ್ತಾ, ಈ ಹಳದಿಗೆ ಹಟ ಹಿಡಿದವಳೇ ನೀನು ಎಂದರು. ಹೌದು, ತಪ್ಪು ನನ್ನದೇ ಎಂದೆ.

ಮಾತಾಡಿ ಗೆಲ್ಲುವ ಹಾಗಿರಲಿಲ್ಲ. ಗುಂಡಮ್ಮನನ್ನು ಬಿಚ್ಚಿ ಹಳದಿ ಗೋಡೆಗೆ ಹತ್ತಿರ ಹಿಡಿದೆ. ಆಮೇಲೆ ಬರೀ ಪ್ರೈಮರ್ ಹಚ್ಚಿದ್ದ ಬಿಳಿ ಗೋಡೆಗೆ. ಅಲ್ಲಿ ಹಳದಿ, ಇಲ್ಲಿ ಗುಲಾಬಿ. ಪ್ಲಗ್ ಪಾಯಿಂಟ್ ನೋಡಲು ಬಂದಿದ್ದ ಹೆಡ್ ಸಿಸ್ಟರ್ ಮೆಲ್ಲಗೆ ಹತ್ತಿರ ಬಂದು, ಇನ್ನೊಮ್ಮೆ ತೋರಿಸಿ ಅಂದರು. ಎರಡು ಸಲ ಆ ಗೋಡೆಗೂ ಈ ಗೋಡೆಗೂ ಓಡಾಡಿದೆ.

"ಮೇಡಂ, ಆ ಗೋಡೆ ಹತ್ತಿರ ಇದ್ದಿದ್ರೆ ಈ ಮಗೂನ ನಾನು ಈಗಲೇ ರಕ್ತ ಪರೀಕ್ಷೆಗೆ ಕಳಿಸ್ತಿದ್ದೆ," ಅಂದರು ಸಿಸ್ಟರ್.

ಟೇಪಮ್ಮ ಮಾಮನ ಕಡೆ ತಿರುಗಿ, "ರೋಲರ್ ಕೆಳಗಿಡಿ," ಅಂದರು.

ಆಮೇಲೆ ಶುರುವಾಯಿತು ನೋಡು ನಿಜವಾದ ಕೆಲಸ. ತಿಳಿ ನೀಲಿ ಮಾಡೋಣವೇ ಎಂದರು ಮೇಡಂ. ಅದಂತೂ ಬೇಡವೇ ಬೇಡ, ಉಸಿರು ಸಾಲದ ಮಗುವಿನ ತುಟಿ ನೀಲಿಯಾಗೋದು ತಿಳಿಯೋದೇ ಇಲ್ಲ ಎಂದರು ಸಿಸ್ಟರ್. ಹಾಗಾದರೆ ತೊಟ್ಟಿಲ ಸುತ್ತ ಬೂದು ಬೆರೆತ ಬಿಳಿ. ಆಸ್ಪತ್ರೆ ಸಪ್ಪೆಯಾಗುತ್ತದೆ ಎಂದು ಮಾಮ ಮುಖ ಸಿಂಡರಿಸಿದರು. ಸಪ್ಪೆ ಯಾಕಾಗಬೇಕು? ಹಳದಿಯನ್ನು ಎತ್ತಿ ಹೊರಗಿನ ಕಾರಿಡಾರಿಗೆ ಕೊಟ್ಟೆ. ತಾಯಂದಿರು ಕೂರುವ ಮೂಲೆಗೆ ಮಾಗಿದ ಕಿತ್ತಳೆ. ಒಳಗೆ ಉಳಿಸಿದ್ದು ಬಾಗಿಲ ಚೌಕಟ್ಟಿಗೆ ನಾಲ್ಕು ಬೆರಳಗಲದ ಹಳದಿ ಪಟ್ಟಿ, ಅಷ್ಟೇ. ತೊಟ್ಟಿಲಿಂದ ದೂರ ಅದು, ಮಗುವಿನ ಮೇಲೆ ಬೀಳುವುದಿಲ್ಲ, ಆದರೆ ಒಳಗೆ ಬರುವ ತಾಯಿಯ ಕಣ್ಣಿಗೆ ಬೀಳುತ್ತದೆ. ಒಂದು ತಮಾಷೆ ಕೇಳು: ಆ ಪಟ್ಟಿಯ ಪಕ್ಕ ಬೂದು ಬಣ್ಣ ನೇರಳೆಯಾಗಿ ಕಾಣತೊಡಗಿತು! ಡಬ್ಬಿಯಲ್ಲಿ ನೇರಳೆಯ ಹನಿಯೂ ಇಲ್ಲ ಎಂದು ಮಾಮ ಆಣೆ ಮಾಡಿದರು. ಪಕ್ಕದ ಬಣ್ಣ ಕಣ್ಣಿಗೆ ಹಾಗೆ ಕೀಟಲೆ ಮಾಡುತ್ತದೆ. ಪಟ್ಟಿಯ ಹಳದಿಯನ್ನು ಸ್ವಲ್ಪ ಮಂಕು ಮಾಡಿ, ಅರ್ಧ ಗಂಟೆ ಕಲಸಿ ಹಚ್ಚಿ, ಕಲಸಿ ಹಚ್ಚಿ, ಕೊನೆಗೆ ಬೂದು ಬೂದಾಗಿಯೇ ನಿಂತಿತು. ಅಷ್ಟರಲ್ಲಿ ಗುಂಡಮ್ಮ ಸಿಸ್ಟರ್ ತೋಳಿನಲ್ಲಿ ಗೊರಕೆ.

ಹಳೆ ಹಾಳೆಯ ಮೇಲಿನ ನನ್ನ ಸಹಿ ಹೊಡೆದುಹಾಕಿ ಹೊಸ ಹಾಳೆಗೆ ಸಹಿ ಮಾಡಿದೆ. ಸೋಮವಾರ ವಾರ್ಡು ತೆರೆಯುತ್ತದೆ.

ಏಳುತ್ತಿದ್ದಾಳೆ, ಕಾಲು ಒದೆಯುವ ಸದ್ದು.

ಚಿಕ್ಕಂದಿನಿಂದ ನಿನ್ನ ಬೆನ್ನಿಗೆ ಬಿದ್ದಿರುವ
ಬಾಲ

ತಾ.ಕ.: ಒಂದು ಮಾತು ಸುಳ್ಳು ಬರೆದಿದ್ದೇನೆ. ಮಗು ಮೊದಲು ಹಳದಿಯಾಗಿ ಕಂಡದ್ದು ಮಂಗಳವಾರವಲ್ಲ, ಭಾನುವಾರ. ಎರಡು ದಿನ ಇವರಿಗೂ ಹೇಳಲಿಲ್ಲ. ಹೋದ ವಾರ ನೀನು ಫೋನಿನಲ್ಲಿ, "ನಿನಗೆ ಎಲ್ಲದರಲ್ಲೂ ಕಾಯಿಲೆನೇ ಕಾಣುತ್ತೆ ಕಣೇ," ಎಂದು ನಕ್ಕಿದ್ದೆ. ಇದೂ ನನ್ನ ತಲೆಯದ್ದೇ ಇರಬೇಕು ಎಂದು ಬಾಯಿ ಮುಚ್ಚಿಕೊಂಡಿದ್ದೆ. ಅದು ನಿಜವಾದ ಕಾಮಾಲೆಯಾಗಿದ್ದರೆ ಎಂದು ಈಗಲೂ ರಾತ್ರಿ ಎದ್ದು ಅವಳ ಕಣ್ಣಿನ ಬಿಳಿ ನೋಡುತ್ತೇನೆ. ನಿನ್ನ ಮೇಲೆ ಕೋಪವಿಲ್ಲ. ಆದರೆ ಇನ್ನು ಮುಂದೆ ನಾನು ಹೆದರಿಕೊಂಡು ಫೋನ್ ಮಾಡಿದರೆ ನಗಬೇಡ ಅಕ್ಕ. ಏನು ಕಂಡಿತು ಹೇಳು ಅನ್ನು, ಅಷ್ಟು ಸಾಕು.